ಎರಡು ಕೈ, ಎರಡು ತಟ್ಟೆ

ಗಣೇಶನನ್ನು ನೀರಿಗೆ ಬಿಡುವ ರಾತ್ರಿ ಬೆಂಗಳೂರಿನ ಆರ್.ಟಿ. ನಗರದಿಂದ ಹೆಬ್ಬಾಳ ಕೆರೆಯ ಕಡೆಗೋ, ಯಶವಂತಪುರದಿಂದ ಸ್ಯಾಂಕಿ ಕೆರೆಯ ಕಡೆಗೋ ಹೊರಡುವ ಮೆರವಣಿಗೆಗಳಲ್ಲಿ ಎರಡು ಬಗೆಯ ಸದ್ದು ಒಟ್ಟಿಗೆ ಸಾಗುತ್ತದೆ. ಮುಂದೆ ನಾಲ್ಕೈದು ಜನ ತಮಟೆಯವರು. ಬೆವರು ಇಳಿಯುತ್ತಿದ್ದರೂ ಕೋಲು ನಿಲ್ಲಿಸದವರು. ಹಿಂದೆ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಸ್ಪೀಕರ್ ಬಾಕ್ಸುಗಳು, ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ಒಬ್ಬ ಹುಡುಗ. ಬಾಕ್ಸಿನ ಸದ್ದು ಎದೆಗೂಡಿಗೆ ಬಡಿಯುವಾಗ ತಮಟೆ ಕೇಳುವುದೇ ಇಲ್ಲ. ಆದರೆ ಜನರೇಟರ್ ಕೈಕೊಟ್ಟು ಬಾಕ್ಸು ಬಾಯಿ ಮುಚ್ಚಿತೋ, ಕುಣಿಯುತ್ತಿದ್ದವರು ಹೆಜ್ಜೆ ತಪ್ಪದೆ ತಮಟೆಗೆ ಹೊರಳಿಕೊಳ್ಳುತ್ತಾರೆ. ಕಾಲಿಗೆ ಬೇಕಾಗಿದ್ದದ್ದು ಏಟು. ಅದು ಯಾವ ಕಡೆಯಿಂದ ಬಂದರೇನು?

ಈ ಎರಡು ಸದ್ದುಗಳ ನಡುವೆ ನಿಂತ ಹುಡುಗರು ಬಹಳ ಇದ್ದಾರೆ. ಚಿಕ್ಕಂದಿನಲ್ಲಿ ತಮಟೆ ಬಡಿದವರು, ಶಾಲೆಯ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಹಿಡಿದವರು, ಸಂಜೆ ಮೃದಂಗದ ಪಾಠಕ್ಕೆ ಹೋದವರು, ಚರ್ಚಿನಲ್ಲಿ ಡ್ರಮ್ ಸೆಟ್ಟಿನ ಮುಂದೆ ಕೂತವರು. ಬೆಳೆದ ಮೇಲೆ ಅವರಲ್ಲಿ ಕೆಲವರು ಹಿಪ್‌ಹಾಪ್‌ಗೆ ಬರುತ್ತಾರೆ. ಬೀಟು ಕಟ್ಟುತ್ತಾರೆ, ಡಿಜೆ ಆಗುತ್ತಾರೆ, ಮೈಕು ಹಿಡಿದು ವೇದಿಕೆ ಏರುತ್ತಾರೆ. ಮನೆಯವರಿಗೆ ಇದು ಕಲಿತದ್ದನ್ನು ಬಿಟ್ಟು ಬೇರೆಲ್ಲಿಗೋ ಹೋದಂತೆ ಕಾಣುತ್ತದೆ. ಹಿಪ್‌ಹಾಪ್ ಹುಟ್ಟಿದ ಬಗೆ ಗೊತ್ತಿದ್ದವರಿಗೆ ಹಾಗೆ ಕಾಣುವುದಿಲ್ಲ.

ಹಿಪ್‌ಹಾಪ್ ಎಂದರೆ ಇವತ್ತು ಕಣ್ಣ ಮುಂದೆ ಬರುವುದು ರ‍್ಯಾಪರ್. ಶುರುವಿನಲ್ಲಿ ಅವನು ಬದಿಯಲ್ಲಿದ್ದ. ನಡುವೆ ನಿಂತಿದ್ದವನು ಡಿಜೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಿಳಾಸದ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಒಂದು ಪಾರ್ಟಿ ಇಟ್ಟುಕೊಂಡಳು. ಹಾಡು ಹಾಕುವ ಕೆಲಸ ಅಣ್ಣ ಕ್ಲೈವ್‌ನದು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ 1967ರಲ್ಲಿ ಬ್ರಾಂಕ್ಸ್‌ಗೆ ಬಂದಿದ್ದ ಈ ಕ್ಲೈವ್‌ನೇ ಮುಂದೆ ಡಿಜೆ ಕೂಲ್ ಹರ್ಕ್ ಎಂದು ಹೆಸರಾದವನು. ಅವನು ಒಂದು ಸಂಗತಿ ಗಮನಿಸಿದ್ದ: ಕುಣಿಯುವವರು ಇಡೀ ಹಾಡಿಗೆ ಕುಣಿಯುವುದಿಲ್ಲ, ಒಂದು ತುಣುಕಿಗಾಗಿ ಕಾಯುತ್ತಾರೆ. ಹಾಡುಗಾರ ಸುಮ್ಮನಾಗಿ, ಗಿಟಾರು ಕಹಳೆಗಳೆಲ್ಲ ಹಿಂದೆ ಸರಿದು, ಡ್ರಮ್ ಒಂದೇ ಉಳಿಯುವ ಕೆಲವು ಸೆಕೆಂಡುಗಳು ಅವು. ಅದಕ್ಕೆ 'ಬ್ರೇಕ್' ಎನ್ನುತ್ತಾರೆ. ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ರೆಕಾರ್ಡು ತಿರುಗಿಸುವ ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟ. ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದೇ ಬ್ರೇಕ್ ಶುರು. ಅದು ನುಡಿಯುವಾಗ ಮೊದಲಿನದನ್ನು ಹಿಂದಕ್ಕೆ ತಿರುಗಿಸಿ ಸಿದ್ಧ. ಆರು ಸೆಕೆಂಡಿನ ಡ್ರಮ್ಮು ಆರು ನಿಮಿಷ ನಡೆಯಿತು.

ಅಂದರೆ ಹಿಪ್‌ಹಾಪ್‌ನ ಮೊದಲ ಕಸುಬು ಯಾರೋ ಬಾರಿಸಿಟ್ಟ ಡ್ರಮ್ಮನ್ನು ಇನ್ನೊಬ್ಬ ಕೈಯಿಂದ ಮತ್ತೆ ಬಾರಿಸುವುದು.

ಬಾರ್ಬಡೋಸ್‌ನಲ್ಲಿ ಹುಟ್ಟಿ ಬ್ರಾಂಕ್ಸ್‌ನಲ್ಲಿ ಬೆಳೆದ ಜೋಸೆಫ್ ಸ್ಯಾಡ್ಲರ್, ಅಂದರೆ ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್, ಈ ಕೆಲಸಕ್ಕೆ ಲೆಕ್ಕ ತಂದವನು. ವೃತ್ತಿಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದ ಅವನಿಗೆ ಹರ್ಕ್‌ನ ಕೈಚಳಕದಲ್ಲಿ ಒಂದು ಕೊರತೆ ಕಂಡಿತು: ಒಂದು ಬ್ರೇಕ್‌ನಿಂದ ಇನ್ನೊಂದಕ್ಕೆ ದಾಟುವಾಗ ತಾಳ ಜಾರುತ್ತಿತ್ತು. ಫ್ಲ್ಯಾಶ್ ರೆಕಾರ್ಡಿನ ಮೇಲೆ ಬಣ್ಣದ ಬಳಪದಿಂದ ಗುರುತು ಹಾಕಿಕೊಂಡು, ಎಷ್ಟು ಸುತ್ತು ಹಿಂದೆ ತಿರುಗಿಸಿದರೆ ಏಟು ಸರಿಯಾಗಿ ಬೀಳುತ್ತದೆಂದು ಎಣಿಸಿದ. ಜನರಿಗೆ ಕೇಳಿಸುವ ಮೊದಲು ಮುಂದಿನ ರೆಕಾರ್ಡು ತನಗೊಬ್ಬನಿಗೆ ಹೆಡ್‌ಫೋನಿನಲ್ಲಿ ಕೇಳಿಸುವಂತೆ ಒಂದು ಸ್ವಿಚ್ಚು ಜೋಡಿಸಿಕೊಂಡ. ತಾಯಿ ಬಟ್ಟೆ ಹೊಲಿಯುತ್ತಿದ್ದವಳು. ರೆಕಾರ್ಡು ಕೈಗೆ ಹಗುರಾಗಿ ಜಾರಲೆಂದು ಅದರಡಿ ಫೆಲ್ಟ್ ಬಟ್ಟೆ ಹಾಕುವ ಉಪಾಯವೂ ಆ ಮನೆಯದೇ. 1975ರ ಸುಮಾರಿಗೆ ಗ್ರಾಂಡ್ ವಿಝರ್ಡ್ ಥಿಯೊಡೋರ್ ಎಂಬ ಎಳೆಯ ಹುಡುಗ ತಿರುಗುವ ರೆಕಾರ್ಡನ್ನು ಬೆರಳಿಂದ ಹಿಂದೆ ಮುಂದೆ ಎಳೆದು 'ಸ್ಕ್ರ್ಯಾಚ್' ಎಂಬ ಹೊಸ ಸದ್ದು ತೆಗೆದ. ಅಮ್ಮ ಬಾಗಿಲಲ್ಲಿ ನಿಂತು ಸದ್ದು ಕಡಿಮೆ ಮಾಡೆಂದು ಗದರಿದಾಗ ರೆಕಾರ್ಡನ್ನು ಕೈಯಲ್ಲಿ ತಡೆದು ಹಿಡಿದದ್ದೇ ಇದಕ್ಕೆ ಮೂಲವಂತೆ. ಲೋಕದ ಎಷ್ಟೋ ಸಂಗೀತಕ್ಕೆ ಅಮ್ಮನ ಬೈಗುಳದ ಋಣವಿದೆ.

ಇಷ್ಟಕ್ಕೂ ಆ ಬ್ರೇಕ್‌ಗಳನ್ನು ಮೊದಲು ಬಾರಿಸಿದವರು ಯಾರು? ಅವರ ಪೈಕಿ ಒಬ್ಬನ ಬಾಲ್ಯ ಯಶವಂತಪುರದವರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಗಾಯಕ ಜೇಮ್ಸ್ ಬ್ರೌನ್ ತಂಡದ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ಬೆಳೆದದ್ದು ಅಮೆರಿಕದ ಚಟನೂಗ ಎಂಬ ಊರಿನಲ್ಲಿ. ಡ್ರಮ್ಮಿನ ಮೇಷ್ಟ್ರ ಬಳಿ ಪಾಠ ಕಲಿತವನಲ್ಲ. ಸುತ್ತಲಿನ ಕಾರ್ಖಾನೆಗಳ ಯಂತ್ರದ ಬಡಿತ, ರೈಲುಗಾಡಿಯ ಗಡಗಡ, ಇವುಗಳ ಲಯವೇ ಅವನ ಕಿವಿಗೆ ಇಳಿದದ್ದು. ಒಂದು ಕಡೆ ರೈಲು ಜಂಕ್ಷನ್ನು, ಇನ್ನೊಂದು ಕಡೆ ಪೀಣ್ಯದ ಲೇತು, ಪ್ರೆಸ್ಸು ಯಂತ್ರಗಳು ಇರುವ ತುಮಕೂರು ರಸ್ತೆಯ ಮಕ್ಕಳಿಗೆ ಈ ಪಾಠಶಾಲೆ ಹೊಸದಲ್ಲ. ಸ್ಟಬಲ್‌ಫೀಲ್ಡ್ 1969ರ ನವೆಂಬರ್‌ನಲ್ಲಿ ರೆಕಾರ್ಡ್ ಮಾಡಿದ 'ಫಂಕಿ ಡ್ರಮ್ಮರ್' ಹಾಡಿನ ಬ್ರೇಕ್ ಆಮೇಲೆ ಲೆಕ್ಕವಿಲ್ಲದಷ್ಟು ಹಿಪ್‌ಹಾಪ್ ಹಾಡುಗಳ ಬೆನ್ನೆಲುಬಾಯಿತು.

ಈಗ ನಮ್ಮ ಕಡೆಯ ಕೈಗಳನ್ನು ನೋಡೋಣ. ಹೆಬ್ಬಾಳದ ಮೇಲ್ಸೇತುವೆ ಹತ್ತಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ. ಅಲ್ಲಿಂದ ಪೂರ್ವಕ್ಕೆ ತಿರುಗಿದರೆ ಶಿಡ್ಲಘಟ್ಟ ತಾಲ್ಲೂಕು. ಅಲ್ಲಿಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆ ವಾದನಕ್ಕೆ. ಈ ಪ್ರಶಸ್ತಿಯ ತೂಕ ತಿಳಿಯಬೇಕಾದರೆ ತಮಟೆ ಎಲ್ಲಿತ್ತು ಎಂಬುದು ಗೊತ್ತಿರಬೇಕು. ಜಾತ್ರೆಗೂ ತಮಟೆ, ಹೆಣದ ಮುಂದೆಯೂ ತಮಟೆ, ಡಂಗುರಕ್ಕೂ ತಮಟೆ. ಬಡಿಯುವವರು ಬಹುಪಾಲು ದಲಿತ ಕೇರಿಯವರು. ಊರಿಗೆ ವಾದ್ಯ ಬೇಕು, ವಾದಕ ಮಾತ್ರ ಗುಡಿಯ ಹೊರಗೆ ನಿಲ್ಲಬೇಕು. ಅದೇ ತಮಟೆ ಮುಂದೆ ದಲಿತ ಚಳವಳಿಯ ಮೆರವಣಿಗೆಗಳ ದನಿಯಾಯಿತು. ಬ್ರಾಂಕ್ಸ್‌ನ ಬಡ ಕಪ್ಪು ಹುಡುಗರು ಬೀದಿದೀಪದ ಕಂಬದಿಂದ ಕರೆಂಟು ಎಳೆದು ಪಾರ್ಟಿ ನಡೆಸಿದ ಕತೆಗೂ ಇದಕ್ಕೂ ನಂಟು ಹುಡುಕಲು ಕಷ್ಟಪಡಬೇಕಿಲ್ಲ.

ತಮಟೆಯದು ಕಟ್ಟುನಿಟ್ಟಿನ ವಿದ್ಯೆ. ಬಳೆಯಂಥ ಚೌಕಟ್ಟಿಗೆ ಚರ್ಮ ಬಿಗಿದಿರುತ್ತದೆ. ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸಬೇಕು, ಚರ್ಮ ಬಿಗಿದುಕೊಂಡರೆ ಮಾತ್ರ ನಾದ. ಈಚೆಗೆ ಫೈಬರ್ ಹೊದಿಕೆಯವು ಬಂದು ಬೆಂಕಿಯ ಕೆಲಸ ತಪ್ಪಿದೆ. ಹಳಬರ ಕಿವಿಗೆ ಆ ಸದ್ದು ಅಷ್ಟಾಗಿ ಹಿಡಿಸಿಲ್ಲ. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಬಿದಿರ ಕಡ್ಡಿ. ದಪ್ಪ ಕೋಲು ಲಯದ ಗೂಟಗಳನ್ನು ನೆಡುತ್ತದೆ, ಕಡ್ಡಿ ನಡುವಿನ ಜಾಗವನ್ನು ತುಂಬುತ್ತದೆ. ಎರಡೂ ಕೈಗೆ ಎರಡು ಕೆಲಸ, ಜೊತೆಗೆ ಕಾಲಿಗೆ ಕುಣಿತ. ತಂಡದಲ್ಲಿ ಒಬ್ಬ ವರಸೆ ಬದಲಿಸಿದರೆ ಉಳಿದವರು ಸನ್ನೆಯಲ್ಲೇ ಹಿಡಿಯಬೇಕು. ಎಂಟು ಹತ್ತು ವರ್ಷದ ಮಗು ಇದನ್ನು ಕಲಿತರೆ ಎಡಗೈ ಬಲಗೈಗಳನ್ನು ಬೇರೆ ಬೇರೆಯಾಗಿ ಆಡಿಸುವುದು ಮೈಗೆ ಅಂಟಿಬಿಡುತ್ತದೆ. ನಗರದ ಡಿಜೆ ಶಾಲೆಗಳು ಶುಲ್ಕ ತೆಗೆದುಕೊಂಡು ಮೊದಲು ಕಲಿಸಲು ಹೆಣಗುವುದೂ ಇದನ್ನೇ: ಒಂದು ಕೈ ಟರ್ನ್‌ಟೇಬಲ್‌ನ ತಟ್ಟೆಯ ಮೇಲೆ, ಇನ್ನೊಂದು ಎರಡೂ ತಟ್ಟೆಗಳ ಸದ್ದು ಬೆರೆಸುವ ಮಿಕ್ಸರಿನ ಮೇಲೆ, ಒಂದರ ಚಲನೆ ಇನ್ನೊಂದಕ್ಕೆ ಅಂಟದಂತೆ.

ಮೃದಂಗದ ದಾರಿ ಬೇರೆ. ಅದು ಮನೆಯ ನಡುಕೋಣೆಯಲ್ಲಿ, ಗುರುವಿನ ಎದುರು ನಡೆಯುವ ಪಾಠ. ಆದರೆ ಈ ದಾರಿಯಿಂದಲೂ ಹೊರಲೋಕಕ್ಕೆ ಬಾಗಿಲು ತೆರೆದವರು ಬೆಂಗಳೂರಿನಲ್ಲಿ ಬಹಳ ಹಿಂದೆಯೇ ಇದ್ದರು. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಮೃದಂಗ, ಘಟ, ಖಂಜಿರ, ಮೋರ್ಸಿಂಗ್ ಕಲಿಸಲು ಶುರುವಾದ ಈ ಸಂಸ್ಥೆಯ ತಂಡ, ಗಾಯಕಿ ಆರ್.ಎ. ರಾಮಮಣಿ ಅವರ ಜೊತೆಗೂಡಿ ಜರ್ಮನಿಯ ಪ್ರಯೋಗಶೀಲ ಬ್ಯಾಂಡುಗಳ ಜೊತೆ ನುಡಿಸಿತು. ಡಿಸಿಡೆಂಟನ್ ಬ್ಯಾಂಡಿನೊಂದಿಗೆ 1982ರಲ್ಲಿ 'ಜರ್ಮನಿಸ್ತಾನ್' ಆಲ್ಬಂ ಬಂತು. ಮರುವರ್ಷ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗಿನ 'ಜ್ಯೋತಿ' ಇಸಿಎಂ ಕಂಪನಿಯಿಂದ ಬಂತು. ಬೆಂಗಳೂರಿನ ತಾಳವಾದ್ಯ ಹೊರಗಿನ ಬೀಟಿನೊಡನೆ ಕೈಕುಲುಕಿದ್ದು ಇಂಟರ್ನೆಟ್ ಬಂದ ಮೇಲಲ್ಲ.

ಹಿಪ್‌ಹಾಪ್‌ಗೆ ನೇರವಾಗಿ ಒದಗುವುದು ಮೃದಂಗಕ್ಕಿಂತ ಹೆಚ್ಚಾಗಿ ಅದರ ಬಾಯಿಪಾಠವಾದ ಕೊನ್ನಕ್ಕೋಲು. ನುಡಿಸುವುದಕ್ಕೆ ಮೊದಲು ಬಾಯಲ್ಲಿ ಹೇಳು ಎಂಬುದು ಕರ್ನಾಟಕ ಸಂಗೀತದ ಕ್ರಮ. ಮೂರಕ್ಕೆ 'ತಕಿಟ', ನಾಲ್ಕಕ್ಕೆ 'ತಕಧಿಮಿ', ಐದಕ್ಕೆ 'ತಕತಕಿಟ', ಏಳಕ್ಕೆ 'ತಕಿಟತಕಧಿಮಿ'. ಇದನ್ನು ಹಿಪ್‌ಹಾಪ್ ಬೀಟಿನ ಮೇಲೆ ಇಟ್ಟು ನೋಡಿ. ಆ ಬೀಟು ಸಾಮಾನ್ಯವಾಗಿ ನಾಲ್ಕು ಏಟಿನದು; ಒಂದೊಂದು ಏಟನ್ನು ನಾಲ್ಕಾಗಿ ಒಡೆದರೆ ಹದಿನಾರು ಮನೆ. ನಾಲ್ಕು ಸಲ 'ತಕಧಿಮಿ' ಅಂದರೆ ಸಲೀಸಾಗಿ ತುಂಬುತ್ತದೆ, ಆದರೆ ಸಪ್ಪೆ. ಅದರ ಬದಲು ನಾಲ್ಕು ಸಲ 'ತಕಿಟ', ಕೊನೆಗೊಂದು 'ತಕಧಿಮಿ' ಹೇಳಿದರೂ ಲೆಕ್ಕ ಹದಿನಾರೇ. ಆದರೆ ಒತ್ತು ಈಗ ಏಟಿನ ಮೇಲೆ ಬೀಳದೆ ಅಕ್ಕಪಕ್ಕದಲ್ಲಿ ಜಿಗಿಯುತ್ತ ಹೋಗಿ ಕೊನೆಯ ಏಟಿನಲ್ಲಿ ಮನೆ ಸೇರುತ್ತದೆ. ಒಳ್ಳೆಯ ರ‍್ಯಾಪರ್‌ಗಳು ಮಾತನ್ನು ಬೀಟಿನ ಮೇಲೆ ಸವಾರಿ ಮಾಡಿಸುವುದು ಹೀಗೆಯೇ. ನಿಮಿಷಕ್ಕೆ 90 ಏಟಿನ ಬೀಟಿನಲ್ಲಿ ಹದಿನಾರು ಮನೆ ತುಂಬಲು ಸೆಕೆಂಡಿಗೆ ಆರು ಅಕ್ಷರ ಬೇಕು; ಕೊನ್ನಕ್ಕೋಲು ಅಭ್ಯಾಸವಿದ್ದವರು ಇದರ ಎರಡರಷ್ಟು ವೇಗದಲ್ಲೂ ಅಕ್ಷರ ನುಂಗದೆ ಹೇಳುತ್ತಾರೆ. ಬೆಂಗಳೂರಿನ ಮೃದಂಗ ವಾದಕ ಬಿ.ಸಿ. ಮಂಜುನಾಥ್ ಅವರು 1, 1, 2, 3, 5, 8, 13 ಎಂದು ಬೆಳೆಯುವ ಫಿಬೊನಾಚಿ ಸರಣಿಯನ್ನು ಕೊನ್ನಕ್ಕೋಲಿನಲ್ಲಿ ಹೇಳಿದ ವಿಡಿಯೊವನ್ನು ದೇಶವಿದೇಶಗಳ ಡ್ರಮ್ಮರ್‌ಗಳು ಬಾಯಿ ತೆರೆದು ನೋಡಿದ್ದಾರೆ. ಮುಂಬೈಯಲ್ಲಿ ಮೃದಂಗ ವಾದಕ ವಿವೇಕ್ ರಾಜಗೋಪಾಲನ್ 'ತ ಧೋಂ' ಯೋಜನೆಯಲ್ಲಿ ಅಲ್ಲಿನ ರ‍್ಯಾಪರ್ ಹುಡುಗರಿಗೆ ಈ ಲೆಕ್ಕವನ್ನೇ ಕಲಿಸಿ ಹಾಡಿಸಿದರು. ಬೆಂಗಳೂರಿನಲ್ಲಿ ಗುರುಗಳಿಗೂ ಕೊರತೆಯಿಲ್ಲ, ರ‍್ಯಾಪರ್‌ಗಳಿಗೂ ಕೊರತೆಯಿಲ್ಲ. ಒಬ್ಬರ ಮನೆ ಬಾಗಿಲನ್ನು ಇನ್ನೊಬ್ಬರು ತಟ್ಟುವುದು ಮಾತ್ರ ಅಪರೂಪ.

ತಮಟೆ, ಮೃದಂಗ ಈ ಎರಡರ ನಡುವೆ ಮೂರನೆಯದೊಂದು ಗರಡಿಯಿದೆ. ಸಂಗೀತದ ಬಗ್ಗೆ ಬರೆಯುವವರು ಅದರ ಹೆಸರೆತ್ತುವುದು ಕಡಿಮೆ: ರಸಮಂಜರಿ. ರಾಜ್ಯೋತ್ಸವ, ಗಣೇಶೋತ್ಸವ, ಅಣ್ಣಮ್ಮ ದೇವಿಯ ಉತ್ಸವ ಎಂದು ಬಡಾವಣೆಯ ಅಡ್ಡರಸ್ತೆಗೆ ಪೆಂಡಾಲು ಬಿದ್ದರೆ ಅಲ್ಲೊಂದು ಆರ್ಕೆಸ್ಟ್ರಾ ಇದ್ದೇ ಇರುತ್ತದೆ. ಅದರಲ್ಲಿ ಕೀಬೋರ್ಡಿನಷ್ಟೇ ಮುಖ್ಯ ರಿದಂ ಪ್ಯಾಡು. ಜಪಾನಿನ ರೋಲ್ಯಾಂಡ್ ಕಂಪನಿ 1985ರಲ್ಲಿ ಎಂಟು ರಬ್ಬರ್ ಚೌಕಗಳ 'ಆಕ್ಟಾಪ್ಯಾಡ್' ತಂದಿತು. ಆ ಹೆಸರು ನಮ್ಮ ಆರ್ಕೆಸ್ಟ್ರಾಗಳಲ್ಲಿ ಎಷ್ಟು ನೆಲೆಯೂರಿತೆಂದರೆ ಯಾವ ಕಂಪನಿಯ ಪ್ಯಾಡಾದರೂ ಅದು ಆಕ್ಟಾಪ್ಯಾಡೇ. ಒಂದು ಚೌಕಕ್ಕೆ ತಬಲದ ಸದ್ದು, ಇನ್ನೊಂದಕ್ಕೆ ಢೋಲಕ್ಕು, ಮತ್ತೊಂದಕ್ಕೆ ತಮಟೆ. ರಾಜ್‌ಕುಮಾರ್ ಹಾಡು ಮುಗಿಸಿ ಹಂಸಲೇಖ ಹಾಡಿಗೆ ದಾಟುವ ನಡುವಿನ ಹತ್ತು ಸೆಕೆಂಡಿನಲ್ಲಿ ಸದ್ದುಗಳ ಇಡೀ ಸಂಸಾರ ಬದಲಾಗಬೇಕು. ತಾಳ ತಪ್ಪಿದರೆ ಗಾಯಕ ತಿರುಗಿ ನೋಡುತ್ತಾನೆ, ಮುಂದಿನ ಸಾಲಿನ ಅಜ್ಜಿಯೂ ನೋಡುತ್ತಾಳೆ.

ಹಿಪ್‌ಹಾಪ್ ಬೀಟು ಕಟ್ಟುವವರ ಮುಖ್ಯ ಉಪಕರಣವನ್ನು ಇದರ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ರೋಜರ್ ಲಿನ್ ವಿನ್ಯಾಸ ಮಾಡಿ ಅಕಾಯ್ ಕಂಪನಿ 1988ರಲ್ಲಿ ಹೊರತಂದ ಎಂಪಿಸಿ-60ರಲ್ಲಿ ಹದಿನಾರು ಚೌಕಗಳು. ಯಾವುದಾದರೂ ರೆಕಾರ್ಡಿನ ತುಣುಕನ್ನು ಕತ್ತರಿಸಿ ಒಂದೊಂದು ಚೌಕಕ್ಕೆ ಅಂಟಿಸಿ ಬೆರಳಿನಿಂದ ಬಾರಿಸುವುದು. ಇನ್ನೊಂದು ಯಂತ್ರ, 1980ರ ರೋಲ್ಯಾಂಡ್ ಟಿಆರ್-808, ಅಸಲಿ ಡ್ರಮ್ಮಿನಂತೆ ಕೇಳುವುದಿಲ್ಲವೆಂದು ಸ್ಟುಡಿಯೋಗಳಿಗೆ ಹಿಡಿಸಲಿಲ್ಲ; ಕೆಲವೇ ವರ್ಷಗಳಲ್ಲಿ ಅದರ ತಯಾರಿಕೆಯೂ ನಿಂತಿತು. ಅಗ್ಗಕ್ಕೆ ಸಿಕ್ಕ ಹಳೆಯ ಯಂತ್ರಗಳನ್ನು ಕೊಂಡ ಹುಡುಗರು ಅದರ ಗುಡುಗಿನಂಥ ಬಾಸ್ ಡ್ರಮ್ಮಿನಿಂದ ಹಿಪ್‌ಹಾಪ್‌ನ ತಳಪಾಯ ಹಾಕಿದರು. ನಮ್ಮಲ್ಲೂ ಮುಂಬೈಯ ಚಿತ್ರಸಂಗೀತ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ಇದೇ 808ರ ಬೀಟಿಗೆ ಹತ್ತು ರಾಗಗಳನ್ನು ನುಡಿಸಿ ಒಂದು ರೆಕಾರ್ಡು ತಂದಿದ್ದರು. ಆಗ ಯಾರೂ ಕಿವಿಗೊಡಲಿಲ್ಲ. ಕಾಲು ಶತಮಾನ ಕಳೆದ ಮೇಲೆ ಯುರೋಪಿನ ಡಿಜೆಗಳು ಅದನ್ನು ಹುಡುಕಿ ತೆಗೆದು ತಲೆ ಮೇಲೆ ಹೊತ್ತರು.

ಪ್ಯಾಡಿನಿಂದ ಡಿಜೆ ಕನ್ಸೋಲಿಗೆ ಬಂದವನಿಗೆ ನಿಜಕ್ಕೂ ಹೊಸದಾಗಿ ಕಲಿಯಲು ಇರುವುದೇನು? ಮೊದಲನೆಯದು ಎರಡು ಹಾಡುಗಳ ನಡಿಗೆ ಒಂದಾಗಿಸುವುದು. ಈಗ ನುಡಿಯುತ್ತಿರುವ ಹಾಡು ನಿಮಿಷಕ್ಕೆ 90 ಏಟಿನದು, ಮುಂದಿನದು 94ರದು ಎಂದುಕೊಳ್ಳಿ. ಮುಂದಿನದನ್ನು ಸುಮಾರು ಶೇ. 4ರಷ್ಟು ನಿಧಾನಿಸದೆ ಬಿಟ್ಟರೆ ಎರಡು ಬಾಸ್ ಡ್ರಮ್ಮುಗಳು ಒಂದರ ಕಾಲನ್ನೊಂದು ತುಳಿಯುತ್ತವೆ. ಡಿಜೆಗಳ ಮೆಚ್ಚಿನ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್‌ನ 1979ರ ಮಾದರಿಯಲ್ಲಿ ಇದಕ್ಕೆಂದೇ ಉದ್ದನೆಯ ಜಾರುಗುಂಡಿಯಿದೆ, ಶೇ. 8ರಷ್ಟು ಮೇಲೆ ಕೆಳಗೆ ಹೋಗುತ್ತದೆ. ಅದರ ತಟ್ಟೆ ಬೆಲ್ಟಿಲ್ಲದೆ ನೇರ ಮೋಟಾರಿನಿಂದ ತಿರುಗುವುದರಿಂದ ಕೈ ಬಿಟ್ಟ ಕೂಡಲೇ ವೇಗಕ್ಕೆ ಬರುತ್ತದೆ. ಎಲ್‌ಪಿ ರೆಕಾರ್ಡು ನಿಮಿಷಕ್ಕೆ 33⅓ ಸುತ್ತು ಹಾಕುತ್ತದೆ. ಒಂದು ಸುತ್ತಿಗೆ 1.8 ಸೆಕೆಂಡು. ನಿಮಿಷಕ್ಕೆ 100 ಏಟಿನ ಹಾಡಾದರೆ ಒಂದು ಸುತ್ತಿನಲ್ಲಿ ಸರಿಯಾಗಿ ಮೂರು ಏಟು. ತಾಳ ಹಾಕಿ ಬೆಳೆದವನಿಗೆ ಈ ಲೆಕ್ಕ ಬೆರಳ ತುದಿಯಲ್ಲಿ ಕೂರಲು ಹೆಚ್ಚು ದಿನ ಬೇಡ.

ಈಗಿನ ಸಾಫ್ಟ್‌ವೇರಿನಲ್ಲಿ 'ಸಿಂಕ್' ಎಂಬ ಗುಂಡಿ ಒತ್ತಿದರೆ ಈ ಕೆಲಸವೆಲ್ಲ ಯಂತ್ರದ್ದೇ. ಹಾಗಾದರೆ ಡಿಜೆಯ ಕೈಗೆ ಉಳಿಯುವುದೇನು ಎಂದು ಕೇಳುವವರಿದ್ದಾರೆ. ಉಳಿಯುವುದು ಎಡುಪು. ಹಾಡು ಯಾವ ಏಟಿನಲ್ಲಿ ಎತ್ತಿಕೊಳ್ಳಬೇಕು, ಎಷ್ಟು ಹೊತ್ತು ತಡೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಯಾವ ಗುಂಡಿಯೂ ಹೇಳಿಕೊಡುವುದಿಲ್ಲ. ಕಛೇರಿಯಲ್ಲಿ ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನದಲ್ಲಿ ಒಂದೇ ಮಾತನ್ನು ಮೂರು ಸಲ ನುಡಿಸಿ ತಾಳದ ಮೊದಲ ಏಟಾದ ಸಮಕ್ಕೆ ಬಂದಾಗ ಸಭೆ ಚಪ್ಪಾಳೆ ಹೊಡೆಯುತ್ತದಲ್ಲ, ಸ್ಕ್ರ್ಯಾಚ್ ಡಿಜೆ ಒಂದೇ ಮಾತಿನ ತುಣುಕನ್ನು ಎರಡು ತಟ್ಟೆಗಳ ನಡುವೆ ಮೂರು ಸಲ ಎಸೆದಾಡಿ ಬೀಟು ಬಿಟ್ಟಾಗ ಕೇಳುವ ಕೂಗು ಅದೇ ಜಾತಿಯದು. ಮೆರವಣಿಗೆಯ ಟ್ರ್ಯಾಕ್ಟರಿನಲ್ಲಿ ಹಾಡಿನ ಪಟ್ಟಿ ಓಡಿಸುವವನಿಗೂ ಡಿಜೆಗೂ ವ್ಯತ್ಯಾಸ ಇಲ್ಲಿದೆ. ಆದರೂ ಆ ಟ್ರ್ಯಾಕ್ಟರಿನ ಹುಡುಗನನ್ನು ಹಗುರಾಗಿ ಕಾಣಬೇಕಿಲ್ಲ. ಯಾವ ಹಾಡಿಗೆ ಯಾವ ಗಲ್ಲಿ ಎದ್ದು ಕುಣಿಯುತ್ತದೆಂದು ಅವನಿಗೆ ಗೊತ್ತಿರುವಷ್ಟು ಪಬ್ಬಿನ ಡಿಜೆಗೆ ಗೊತ್ತಿರುವುದಿಲ್ಲ.

ತಾಳವಾದ್ಯದಿಂದ ಡಿಜೆಯವರೆಗಿನ ಈ ದಾರಿಯನ್ನು ಪೂರ್ತಿ ನಡೆದವರಲ್ಲಿ ದೊಡ್ಡ ಹೆಸರು ಫಿಲಡೆಲ್ಫಿಯಾದ ಅಹ್ಮೀರ್ ಥಾಂಪ್ಸನ್, ಎಂದರೆ ಕ್ವೆಸ್ಟ್‌ಲವ್. 1971ರಲ್ಲಿ ಹುಟ್ಟಿದ. ತಂದೆ ಲೀ ಆ್ಯಂಡ್ರೂಸ್ ಹಳೆಯ ಶೈಲಿಯ ಗಾಯಕ. ಊರೂರು ಸುತ್ತುವ ಅಪ್ಪನ ಕಾರ್ಯಕ್ರಮಗಳಲ್ಲಿ ಏಳನೆಯ ವಯಸ್ಸಿಗೇ ಡ್ರಮ್ ಬಾರಿಸಿದ, ಹದಿಮೂರಕ್ಕೆ ತಂಡದ ಸಂಗೀತ ನಿರ್ದೇಶಕನಾದ. ಶಾಲೆಯ ಗೆಳೆಯ ತಾರಿಕ್ ಟ್ರಾಟರ್ ಜೊತೆ 1987ರಲ್ಲಿ ಕಟ್ಟಿದ 'ದಿ ರೂಟ್ಸ್' ಯಂತ್ರದ ಬದಲು ನಿಜವಾದ ವಾದ್ಯಗಳನ್ನಿಟ್ಟುಕೊಂಡು ಹಿಪ್‌ಹಾಪ್ ನುಡಿಸಿದ ತಂಡ. ಜೊತೆಗೇ ಡಿಜೆಯಾಗಿಯೂ ಬೆಳೆದ. 1969ರ ಹಾರ್ಲೆಮ್ ಸಂಗೀತೋತ್ಸವದ ಮೇಲಿನ ಅವನ ಸಾಕ್ಷ್ಯಚಿತ್ರಕ್ಕೆ 2022ರಲ್ಲಿ ಆಸ್ಕರ್ ಬಂತು. ಆಂಡರ್ಸನ್ ಪಾಕ್ ಎಂಬ ಇನ್ನೊಬ್ಬ ಚರ್ಚಿನಲ್ಲಿ ಡ್ರಮ್ ಕಲಿತವನು. ಬಾರಿಸುತ್ತಲೇ ಹಾಡುತ್ತಾನೆ, ಬೇರೆ ಹೆಸರಿಟ್ಟುಕೊಂಡು ಡಿಜೆ ಕೆಲಸವನ್ನೂ ಮಾಡುತ್ತಾನೆ.

ಬೆಂಗಳೂರಿನ ಹಿಪ್‌ಹಾಪ್ ಮಾತ್ರ ತಾಳದಿಂದಲ್ಲ, ಮಾತಿನಿಂದ ಶುರುವಾಯಿತು. ಬ್ರೋಧಾ ವಿ ಎಂದು ಹೆಸರಾದ ವಿಘ್ನೇಶ್ ಶಿವಾನಂದ್, ಸ್ಮೋಕಿ ದಿ ಘೋಸ್ಟ್ ಆದ ಸುಮುಖ್ ಮೈಸೂರು ಮೊದಲಾದವರು ಒಂದುಗೂಡಿದ್ದು ಆರ್ಕುಟ್ ಜಾಲತಾಣದ ಕಾಲದಲ್ಲಿ, ಬರಹದಲ್ಲೇ ಪ್ರಾಸದ ಜಗಳ ಆಡುವ ಗುಂಪುಗಳಲ್ಲಿ. ಅದರಿಂದ ಹುಟ್ಟಿದ್ದು 'ಮಚಾಸ್ ವಿತ್ ಆ್ಯಟಿಟ್ಯೂಡ್' ತಂಡ. ಬ್ರೋಧಾ ವಿ ಮುಂದೆ ಮಹಿಷಾಸುರಮರ್ದಿನಿ ಸ್ತೋತ್ರವನ್ನು ಇಂಗ್ಲಿಷ್ ರ‍್ಯಾಪ್‌ನ ಬೆನ್ನಿಗೆ ಕಟ್ಟಿ ಊರಿಗೆಲ್ಲ ಪರಿಚಿತರಾದರು. ಆ ಸ್ತೋತ್ರ ಹಿಪ್‌ಹಾಪ್‌ಗೆ ಒಗ್ಗಿದ್ದು ಭಕ್ತಿಯಿಂದಲ್ಲ, ಅದರ ಅಕ್ಷರಗಳ ಓಟ ಆಗಲೇ ತಾಳದಲ್ಲಿದ್ದುದರಿಂದ. ಕನ್ನಡದಲ್ಲಿ ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟ್-ಓ, ಎಂಸಿ ಬಿಜ್ಜು ಇವರೆಲ್ಲ ಬೇರೆ ಬೇರೆ ದಾರಿ ಹಿಡಿದರು. ಇವರ ಹೆಸರು ಗೊತ್ತಿರುವಷ್ಟು ಜನಕ್ಕೆ ಇವರ ಬೀಟು ಕಟ್ಟಿದವರ ಹೆಸರು ಗೊತ್ತಿಲ್ಲ. ಬ್ರಾಂಕ್ಸ್‌ನಲ್ಲಿ ಮೈಕಿನವನು ಡಿಜೆಯ ಹೊಗಳುಭಟ್ಟನಾಗಿ ಶುರುಮಾಡಿದ್ದ. ಇಲ್ಲಿ ಅದು ತಲೆಕೆಳಗಾಗಿದೆ.

ತಾಳವಾದ್ಯ ವೇದಿಕೆಯ ನಡುವಿಗೆ ಮರಳಿ ಬಂದ ಒಂದು ದೊಡ್ಡ ನಿದರ್ಶನ ತೀರಾ ಈಚಿನದು. ಕೇರಳದ ಮಲಪ್ಪುರಂ ಮೂಲದ, ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದು ಬೆಂಗಳೂರಿನಲ್ಲಿ ನೆಲೆ ಕಂಡ ಸೂರಜ್ ಚೆರುಕಾಟ್, ಅಂದರೆ ಹನುಮಾನ್‌ಕೈಂಡ್, 2024ರ ಜುಲೈನಲ್ಲಿ ಕಲ್ಮಿ ಕಟ್ಟಿದ ಬೀಟಿಗೆ 'ಬಿಗ್ ಡಾಗ್ಸ್' ಹಾಡಿ ಜಗತ್ತಿನ ಪಟ್ಟಿಗಳಿಗೆ ಏರಿದ. ಮರುವರ್ಷದ 'ರನ್ ಇಟ್ ಅಪ್' ಹಾಡಿನ ಬೆನ್ನೆಲುಬು ಚೆಂಡೆಯ ಬಡಿತ. 2025ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವಕ್ಕೆ ಹೋದಾಗ ಚೆಂಡೆ ಮೇಳವನ್ನೇ ಜೊತೆಗೆ ಕರೆದೊಯ್ದ. ಚೆಂಡೆಯವರು ಅಲಂಕಾರಕ್ಕೆ ಮೂಲೆಯಲ್ಲಿ ನಿಂತಿರಲಿಲ್ಲ, ಹಾಡನ್ನು ಹೊತ್ತು ನಡೆಸಿದರು. ತಮಟೆಗೆ ಇಂಥ ವೇದಿಕೆ ಕೊಡಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ.

ಬೇರೆ ಅಡ್ಡಿಗಳಿವೆ. ಹೊಸದಾಗಿ ಕಲಿಯುವವರ ಚಿಕ್ಕ ಡಿಜೆ ಕಂಟ್ರೋಲರಿಗೇ ಇಪ್ಪತ್ತು ಮೂವತ್ತು ಸಾವಿರ ರೂಪಾಯಿ ಬೇಕು. ಅಸಲಿ ಟರ್ನ್‌ಟೇಬಲ್ ಜೋಡಿ ಮತ್ತು ಮಿಕ್ಸರ್ ಎಂದರೆ ಲಕ್ಷಗಳ ಮಾತು. ಆಮೇಲೆ ನುಡಿಸುವ ಜಾಗ. ಬೆಂಗಳೂರಿನಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಮತ್ತು ನಿಯಂತ್ರಣಕ್ಕೆಂದು 2005ರಲ್ಲಿ ಬಂದ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಅದಾದ ಮೇಲೆ ಪರವಾನಗಿ ಇಲ್ಲದ ಎಷ್ಟೋ ಪಬ್ಬುಗಳಲ್ಲಿ ನೇರ ಸಂಗೀತ ನಿಂತುಹೋಯಿತು. ಮೊದಲು ಕೆಲಸ ಕಳೆದುಕೊಂಡವರು ಹೆಸರು ಮಾಡದ ಎಳೆಯರು. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಕೂಡದು; ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಪಕ್ಕದ ಮನೆಯಲ್ಲಿ ಕಾಯಿಲೆಯ ಮುದುಕರಿದ್ದರೆ ಈ ನಿಯಮದ ಬೆಲೆ ತಿಳಿಯುತ್ತದೆ. ತಕರಾರು ನಿಯಮದ ಮೇಲಲ್ಲ, ಚಿಕ್ಕ ಜಾಗಗಳ ಕೊರತೆಯ ಮೇಲೆ. ಉತ್ತರ ಬೆಂಗಳೂರಿನಲ್ಲಿ ದೊಡ್ಡ ಬಯಲುಗಳಿವೆ. 2011ರಲ್ಲಿ ಮೆಟಾಲಿಕಾ ಬ್ಯಾಂಡ್ ನುಡಿಸಿದ ಅರಮನೆ ಮೈದಾನ ಆರ್.ಟಿ. ನಗರದಿಂದ ಕೂಗಳತೆಯಲ್ಲಿದೆ, ಯಲಹಂಕದಾಚೆಗೂ ಸಂಗೀತೋತ್ಸವಗಳು ನಡೆದಿವೆ. ಆದರೆ ನೂರು ಜನ ಕೂತು ಕೇಳುವಂಥ, ಬಾಡಿಗೆ ಕೈಗೆಟಕುವ, ಸದ್ದು ಹೊರಗೆ ಹೋಗದ ಪುಟ್ಟ ಸಭಾಂಗಣಗಳು ಬೆರಳೆಣಿಕೆಗೂ ಸಿಗುವುದು ಕಷ್ಟ. ಕಲಾವಿದ ತಯಾರಾಗುವುದು ಅಂಥಲ್ಲಿ.

ಇನ್ನು ದುಡ್ಡು. ಹಿಪ್‌ಹಾಪ್ ತನ್ನ ಡ್ರಮ್ಮರ್‌ಗಳ ವಿಷಯದಲ್ಲಿ ನಡೆದುಕೊಂಡದ್ದು ಹೆಮ್ಮೆ ಪಡುವಂತಿಲ್ಲ. ಸ್ಟಬಲ್‌ಫೀಲ್ಡ್‌ಗೆ ತನ್ನ ಬ್ರೇಕ್‌ನಿಂದ ರಾಯಧನ ದಕ್ಕಲಿಲ್ಲ. ಹಾಡು ಜೇಮ್ಸ್ ಬ್ರೌನ್ ಹೆಸರಿನಲ್ಲಿತ್ತು. ದಿ ವಿನ್‌ಸ್ಟನ್ಸ್ ತಂಡ 1969ರಲ್ಲಿ ಹೊರತಂದ 'ಆಮೆನ್, ಬ್ರದರ್' ಹಾಡಿನ ಸುಮಾರು ಏಳು ಸೆಕೆಂಡಿನ ಬ್ರೇಕ್ ಸಾವಿರಾರು ಹಾಡುಗಳಲ್ಲಿ ಮರುಬಳಕೆಯಾಗಿದೆ. ಅದನ್ನು ಬಾರಿಸಿದ ಗ್ರೆಗರಿ ಕೋಲ್‌ಮನ್ 2006ರಲ್ಲಿ ಸತ್ತಾಗ ಅವನಿಗೆ ಸೂರಿರಲಿಲ್ಲ. 2015ರಲ್ಲಿ ಬ್ರಿಟನ್ನಿನ ಡಿಜೆಗಳು ಚಂದಾ ಎತ್ತಿ ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗೆ 24,000 ಪೌಂಡ್ ಕೊಟ್ಟರು.

ಈಗ ತಮಟೆಯ ಸದ್ದೂ ಸ್ಯಾಂಪಲ್ ಎಂಬ ತುಣುಕಾಗಿ ಪ್ಯಾಡುಗಳಲ್ಲಿ, ಲ್ಯಾಪ್‌ಟಾಪುಗಳಲ್ಲಿ ಓಡಾಡುತ್ತಿದೆ. ನಮ್ಮಲ್ಲಿ ವಾದಕರಿಗೆ ಸಿನಿಮಾ ಧ್ವನಿಮುದ್ರಣದ ಸಂಭಾವನೆ ಕಾಲ್‌ಶೀಟ್ ಲೆಕ್ಕದ್ದು. ಬಂದರು, ಬಾರಿಸಿದರು, ಹಣ ಎಣಿಸಿಕೊಂಡು ಹೊರಟರು. 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕ ಕಲಾವಿದರಿಗೂ ವಾಣಿಜ್ಯ ಬಳಕೆಯಿಂದ ರಾಯಧನದ ಹಕ್ಕು ಕೊಟ್ಟಿದೆ. ಆ ಹಕ್ಕು ಕೇಳಬೇಕಾದರೆ ಯಾರು ಬಾರಿಸಿದರು, ಎಂದು, ಯಾವ ಸ್ಟುಡಿಯೋದಲ್ಲಿ ಎಂಬುದು ಕಾಗದದ ಮೇಲಿರಬೇಕು. ಲ್ಯಾಪ್‌ಟಾಪಿನಲ್ಲಿ ಬೀಟು ಕಟ್ಟುವ ಯಲಹಂಕದ ಹುಡುಗನೊಬ್ಬ ಶಿಡ್ಲಘಟ್ಟದ ಕಡೆಯ ತಮಟೆ ತಂಡವನ್ನು ಧ್ವನಿಮುದ್ರಿಸಲು ಹೊರಟರೆ ಮೈಕಿನ ಜೊತೆ ಒಂದು ಹಾಳೆಯನ್ನೂ ಚೀಲದಲ್ಲಿ ಇಟ್ಟುಕೊಳ್ಳಬೇಕು: ವಾದಕರೆಲ್ಲರ ಹೆಸರು, ಆ ದಿನದ ಸಂಭಾವನೆ, ಹಾಡು ಮಾರಾಟವಾದರೆ ಅವರ ಪಾಲೆಷ್ಟು, ಬೇರೆಯವರಿಗೆ ಕೊಡುವ ಮುಂಚೆ ಯಾರ ಒಪ್ಪಿಗೆ ಬೇಕು. ಅದು ಕನ್ನಡದಲ್ಲಿದ್ದು, ಒಂದು ಪ್ರತಿ ತಮಟೆಯವರ ಮನೆಯಲ್ಲೇ ಉಳಿಯಬೇಕು.